ನರಪಿಳ್ಳೆ ಇಲ್ಲದ ಬೀಚಿಗೆ ಒಂದು ಸ್ಟಾರ್

೧

ಎಲ್ಲಿಂದ ಹಿಡಿಯಲಿ? ಸಮುದ್ರದಿಂದ ಶುರು ಮಾಡಿದರೆ ನಿಮ್ಮ ಕೆಲಸ ಸಲೀಸು. ಕಥೆಯಲ್ಲಿ ಅಲೆ ಕಂಡ ಕೂಡಲೇ ಯಾರು ಮುಳುಗುತ್ತಾರೆ ಎಂದು ಹುಡುಕುವ ಜನ ನೀವು. ಲಾಡ್ಜಿನ ಬಾಗಿಲಿನಿಂದ ಶುರು ಮಾಡೋಣವೆಂದರೆ, ಬಾಗಿಲು ಯಾರಿಗೆ ಬೇಕು? ಆದರೂ ಬಾಗಿಲೇ ಇರಲಿ. ತಮ್ಮ ಈಗಷ್ಟೇ ಅದಕ್ಕೆ ಹಣೆ ಹೊಡೆಸಿಕೊಂಡು ಅಳುತ್ತಿದ್ದಾನೆ.

ತಮ್ಮ ಎಂದರೆ ಎಳೆಯವನಲ್ಲ. ಬಾಗಿಲಿಗಿಂತ ಎತ್ತರದ ಗಂಡಸು, ಕೆನ್ನೆ ತುಂಬ ಗಡ್ಡ. ಗಡ್ಡದ ಹಿಂದೆ ಇರುವುದು ಮೂರು ವರ್ಷದ ಮಗು. ಅಮ್ಮ ಅವನ ಹಣೆ ಉಜ್ಜುತ್ತಾ ಬಾಗಿಲಿಗೆ ಎರಡೇಟು ಹಾಕಿದಳು. "ಕೆಟ್ಟ ಬಾಗಿಲು! ನಮ್ ರಾಜನ್ನ ಹೊಡೀತಾ? ತಗೋ!" ಅವನು ಅಳು ಮರೆತು ನಕ್ಕ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಬೀಳುವ ನೀರಿಗೆ ಚಪ್ಪಾಳೆ ತಟ್ಟುತ್ತಾ ಕೂತ.

(ಇಂಥವರನ್ನು "ವಿಶೇಷ ಚೇತನ" ಎಂದು ಬರೆಯಬೇಕಂತೆ. ಬರೆಯುವುದಿಲ್ಲ. ನಿನ್ನೆ ಬೀಚಿನಿಂದ ಅವನನ್ನು ಎಬ್ಬಿಸಿ ಕಳಿಸಿದರಲ್ಲ, ಆಗ ಯಾರ ಬಾಯಲ್ಲೂ ಆ ಪದ ಬರಲಿಲ್ಲ.)

೧, ಮತ್ತೊಮ್ಮೆ

ಸಿಟ್ಟಿನಲ್ಲಿ ಬರೆದರೆ ಅಕ್ಷರ ಸೊಟ್ಟಗಾಗುತ್ತದೆ. ನಿಧಾನಕ್ಕೆ ಹೇಳುತ್ತೇನೆ.

ರಜೆಗೆ ಬಂದವರು ಮೂವರು: ಅಮ್ಮ, ಅಕ್ಕ, ತಮ್ಮ. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವವಳು. ಸೊಂಟ ಕೈಕೊಟ್ಟಿದೆ, ಅಷ್ಟು ದೊಡ್ಡ ಮೈಯನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುವುದು ಇನ್ನು ಅವಳಿಂದ ಆಗದು. ಅಕ್ಕ ಔಷಧಿ ಅಂಗಡಿಯ ಕೌಂಟರಿನವಳು. ಸೋಮವಾರ ತಮ್ಮನನ್ನು ಇಂಥವರಿಗೆಂದೇ ಇರುವ ಒಂದು ಹೋಮಿಗೆ ಸೇರಿಸುವುದೆಂದು ಇಬ್ಬರೂ ಮಾತಾಡಿ ಮುಗಿಸಿದ್ದಾರೆ. ಅವನಿಗೆ ನೀರೆಂದರೆ ಪ್ರಾಣ. ಅದಕ್ಕೇ, ಸೇರಿಸುವ ಮೊದಲು ಒಂದೇ ಒಂದು ದಿನ ಸಮುದ್ರದಲ್ಲಿ ಮನಸಾರೆ ಆಡಲಿ ಎಂದು ಕರೆದುಕೊಂಡು ಬಂದಿದ್ದಾರೆ. ಇವತ್ತು ಶನಿವಾರ. ನಾಳೆ ವಾಪಸ್ಸು.

ಇವತ್ತು ಯಾವ ಬೀಚಿಗೆ ಹೋಗುವುದು? ಕಥೆ ಇಷ್ಟೇ.

(ಇಷ್ಟಕ್ಕೆ ಒಂದು ಕಥೆಯಾ ಎನ್ನಬೇಡಿ. ನಿಮ್ಮ ಮನೆಯಲ್ಲಿ ಇದನ್ನು ಅಪ್ಪ ಹಲ್ಲುಜ್ಜುತ್ತಲೇ ತೀರ್ಮಾನಿಸಿಬಿಡುತ್ತಾರೆ. ಎಲ್ಲರಿಗೂ ಆ ಯೋಗವಿಲ್ಲ.)

೨

ನಿನ್ನೆ ಅವರು ಫ್ಯಾಮಿಲಿ ಬೀಚಿಗೆ ಹೋಗಿದ್ದರು. ಹೆಸರು ನಾನಿಟ್ಟಿದ್ದಲ್ಲ, ಬೋರ್ಡೇ ಹಾಗಿದೆ. ಅಲೆ ಮೊಣಕಾಲು ದಾಟುವುದಿಲ್ಲ. ಶವರ್ ಇದೆ. ಎತ್ತರದ ಕುರ್ಚಿಯಲ್ಲಿ ಸೀಟಿ ಕಚ್ಚಿಕೊಂಡ ಕಾವಲಿನವನಿದ್ದಾನೆ. ತಮ್ಮ ನೆಟ್ಟಗೆ ಹೋಗಿ, ಮರಳಲ್ಲಿ ಗುಂಡಿ ತೋಡುತ್ತಿದ್ದ ಒಂದು ಪುಟ್ಟ ಹುಡುಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹುಡುಗಿ ತಲೆ ಎತ್ತಿ ನೋಡಿ, ಒಂದು ಪ್ಲಾಸ್ಟಿಕ್ ಚಮಚ ಅವನ ಕೈಗಿಟ್ಟಳು. ಇಬ್ಬರೂ ಗಂಭೀರವಾಗಿ ತೋಡಿದರು. ಲೋಕ ನೆಟ್ಟಗಿದ್ದುದು ಅಷ್ಟು ಹೊತ್ತು.

ಹುಡುಗಿಯ ಅಪ್ಪ ಓಡಿಬಂದು ಮಗಳನ್ನು ಬೆಂಕಿಯಿಂದ ಎಳೆಯುವ ಹಾಗೆ ಎಳೆದುಕೊಂಡ.

"ಏನ್ರೀ ಇದು? ಇಂಥವರನ್ನ ಹೀಗೆ ಬಿಟ್ಟುಬಿಡೋದಾ?"

"ಏನೂ ಮಾಡಲ್ಲ ಸರ್, ಆಟ ಆಡ್ತಿದಾನೆ ಅಷ್ಟೇ," ಎಂದಳು ಅಕ್ಕ.

"ಆಟ ಆಡೋ ಮೈಯೇನ್ರೀ ಅದು?"

ಸೀಟಿ ಕೂಗಿತು. ಕಾವಲಿನವನು ಕುರ್ಚಿಯಿಂದ ಇಳಿದುಬಂದ. ಕೆಟ್ಟವನೇನಲ್ಲ, ದನಿ ತಗ್ಗಿಸಿಯೇ ಹೇಳಿದ: "ಅಮ್ಮಾ, ತಪ್ಪು ತಿಳ್ಕೋಬೇಡಿ. ಇಲ್ಲಿ ಫ್ಯಾಮಿಲಿಗಳು ಬರ್ತವೆ."

"ಮತ್ತೆ ನಾವೇನಪ್ಪಾ?" ಎಂದಳು ಅಮ್ಮ.

ಅವನು ಸಮುದ್ರದ ಕಡೆ ತಿರುಗಿ ನೋಡಿದ. ಅಲ್ಲಿ ಯಾರೂ ಮುಳುಗುತ್ತಿರಲಿಲ್ಲ.

ಅತ್ತ ದರಿ ಇತ್ತ ಹುಲಿ ಅಂತಾರಲ್ಲ, ಈ ಹುಲಿಯ ಬಾಯಿಗೆ ಸೀಟಿಯನ್ನೂ ಕೊಟ್ಟಿದ್ದಾರೆ.

೩

(ಇಲ್ಲೊಂದು ಡ್ರಾಫ್ಟ್ ಇತ್ತು. ಆ ಅಪ್ಪ ಸಂಜೆ ಲಾಡ್ಜಿಗೆ ಬಂದು ಕೈಮುಗಿಯುತ್ತಾನೆ, ಮಾರನೆಯ ದಿನ ಬೀಚಿಗೆ ಬೀಚೇ ತಮ್ಮನ ಜೊತೆ ಗುಂಡಿ ತೋಡುತ್ತದೆ. ಬರೆಯುವಾಗ ನನಗೇ ಅಳು ಬಂತು. ಸುಳ್ಳೆಂದು ಗೊತ್ತಾಗಿದ್ದು ಆಗಲೇ. ಹರಿದು ಹಾಕಿದೆ.)

೪

ಅಕ್ಕನಿಗೆ ಕೌಂಟರಿನ ಚಾಳಿ. ಯಾವ ಡಬ್ಬಿ ಸಿಕ್ಕರೂ ಹಿಂದಿನ ಸಣ್ಣಕ್ಷರವನ್ನೇ ಮೊದಲು ಓದುತ್ತಾಳೆ. ಫೋನಿನಲ್ಲಿ ಬೀಚುಗಳ ರಿವ್ಯೂ ಓದುವುದೂ ಕೆಳಗಿನಿಂದಲೇ. ಐದು ಸ್ಟಾರ್ ಇದ್ದ ಕಡೆ ಜನ, ಜನ ಇದ್ದ ಕಡೆ ಕಣ್ಣು. ಹೋಟೆಲಾಗಲಿ ಪಾರ್ಕಾಗಲಿ, ಇಷ್ಟು ವರ್ಷ ಈ ಮನೆಯವರು ಆರಿಸಿಕೊಂಡು ಬಂದಿದ್ದು ಊರೆಲ್ಲ ಬೈದ ಜಾಗವನ್ನೇ.

"ಕೇಳಮ್ಮ ಇಲ್ಲಿ. 'ವೇಸ್ಟ್ ಜಾಗ. ಕೂರೋಕೆ ಒಂದು ಬೆಂಚಿಲ್ಲ, ಟೀ ಅಂಗಡಿಯಿಲ್ಲ, ನರಪಿಳ್ಳೆ ಇಲ್ಲ. ಮಕ್ಕಳಿಗೆ ಬೋರೋ ಬೋರು. ಒಂದು ಸ್ಟಾರ್ ಕೊಟ್ಟಿದ್ದೇ ಹೆಚ್ಚು.'"

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಳು ಅಮ್ಮ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಏಕೆಂದು ತಿಳಿಯದಿದ್ದರೂ ತಮ್ಮ ಬಾತ್‌ರೂಮಿನಿಂದಲೇ ಇನ್ನೂ ಜೋರಾಗಿ ನಕ್ಕ. ಅಕ್ಕ ಬೆರಳಿಂದ ಇನ್ನಷ್ಟು ಕೆಳಗೆ ಸರಿಸಿದಳು. ಅವಳ ನಗು ಅಲ್ಲೇ ನಿಂತಿತು.

"ಬೇಡ ಬಿಡಮ್ಮ. ಸೆಳೆತ ಜಾಸ್ತಿಯಂತೆ. ಸ್ವಲ್ಪ ಒಳಗೆ ಹೋದ್ರೆ ನೆಲವೇ ಸಿಗಲ್ವಂತೆ."

"ಸ್ವಲ್ಪ ಅಂದ್ರೆ ಎಷ್ಟು?"

"ಏನು?"

"ನೆಲ ಸಿಗದೆ ಇರೋದು. ಎಷ್ಟು ಒಳಗೆ ಹೋದ್ಮೇಲೆ?"

ಅಕ್ಕ ತಲೆ ಎತ್ತಿದಳು. ನೀರಾಟ ಮುಗಿದ ಮೇಲೆ ತಮ್ಮನಿಗೆ ತೊಡಿಸಲೆಂದು ಅವಳು ಚೀಲಕ್ಕೆ ಹಾಕಿದ್ದ ಒಣ ಬಟ್ಟೆಯನ್ನು ಅಮ್ಮ ಹೊರಗೆ ತೆಗೆದು, ಮಂಚದ ಮೇಲೆ ಅಂಚಿಗೆ ಅಂಚು ಸೇರಿಸಿ ಮಡಚಿಡುತ್ತಿದ್ದಳು.

"ಅವನ ಕೈ ನಾನು ಹಿಡ್ಕೊಂಡಿರ್ತೀನಿ ಕಣೇ. ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ. ನೀನು ದಡದಲ್ಲೇ ಕೂತ್ಕೋ. ಚಪ್ಪಲಿ ನೋಡ್ಕೋ."

ಅಕ್ಕನಿಗೆ ಅರ್ಥವಾಯಿತು. ಬಾಯಿ ಬಿಟ್ಟು ಕೇಳುವುದು ಅವಳಿಂದ ಆಗಲಿಲ್ಲ. (ನಾನೇ ಹೇಳಿಬಿಡುತ್ತೇನೆ, ನೀವು ತಡಕಾಡುವುದು ಬೇಡ. ಮಗನ ಕೈ ಹಿಡಿದು, ವಾಪಸ್ಸು ಬಾರದ ಹಾಗೆ ನೀರಿನೊಳಕ್ಕೆ ನಡೆದುಬಿಡುವುದೆಂದು ಅಮ್ಮ ಮನಸ್ಸು ಮಾಡಿದ್ದಾಳೆ.)

೫

ಇಲ್ಲಿ ನಿಲ್ಲಬಾರದಿತ್ತು. ದುರಂತಕ್ಕೆ ಬೇಕಾದ ಸಾಮಾನೆಲ್ಲ ಸಿದ್ಧವಾಗಿತ್ತು. ಒಂದು ದೊಡ್ಡ ಅಲೆ, ದಡದಲ್ಲಿ ಒಬ್ಬಳೇ ಕಿರುಚುವ ಅಕ್ಕ. ಬರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಕಥೆಯೊಳಗಿಂದಲೇ ಕತ್ತು ಹೊರಳಿಸಿದಳು.

"ಬರೆಯೋನು ನೀನೇನಪ್ಪಾ?"

"ಹೌದಮ್ಮ."

"ಬೇಗ ಮುಗಿಸು. ಅಡ್ಡ ಬರಬೇಡ."

ಮಗನನ್ನು ಉಳಿಸಿಕೊಡು ಎಂದು ಅಂಗಲಾಚುತ್ತಾಳೆ ಅಂದುಕೊಂಡಿದ್ದೆ. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

"ಸೋಮವಾರ ಹೋಮ್ ಇದೆಯಲ್ಲಮ್ಮ?"

"ಹೋಗಿ ನೋಡ್ಕೊಂಡು ಬಂದಿದೀನಿ. ನಲ್ಲಿಗೆ ಬೀಗ ಹಾಕಿದಾರೆ. ಇಂಥವರು ನೀರು ಚೆಲ್ತಾರಂತೆ."

"ನಿಮ್ಮ ಮಗಳಿದಾಳಲ್ಲ..."

"ಅವಳ ಬಾಳೂ ಹಾಳಾಗ್ಲಿ ಅಂತೀಯಾ? ನೋಡು, ಅವನು ಹೋದ ಅಂದ್ರೆ ಎಲ್ಲರೂ ಬರ್ತಾರೆ. ಅವನು ಹುಟ್ಟಿದಾಗಿಂದ ನಮ್ಮ ಹೊಸಿಲು ತುಳಿಯದೇ ಇರೋರೂ ಬರ್ತಾರೆ. 'ಪಾಪ, ಬಿಡುಗಡೆ ಆಯ್ತು' ಅಂತಾರೆ. ನಿನ್ನ ಓದುಗರೂ ಒಂದು ಹನಿ ಕಣ್ಣೀರು ಹಾಕ್ತಾರೆ. ಯಾರಿಗೆ ನಷ್ಟ ಹೇಳು?"

ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ನಿಮ್ಮ ಮೇಲೆ. ಅವಳು ಅಂದಿದ್ದು ನಿಜ. ಅವನು ಮುಳುಗಿದರೆ ನಿಮಗೆ ಹಾಯೆನಿಸುತ್ತದೆ. ಮನ ಕಲಕಿತು ಎನ್ನುತ್ತೀರಿ, ಪುಟ ಮಡಚುತ್ತೀರಿ, ಊಟಕ್ಕೆ ಏಳುತ್ತೀರಿ. ಆ ಸುಖ ಒದಗಿಸಲು ನಾನೇನು ನಿಮ್ಮ ಮನೆಯ ಜೀತದಾಳಲ್ಲ. ಹಾಳೆ ಹರಿದೆ. ಆ ದೊಡ್ಡ ಅಲೆಯನ್ನು ಚಿಂದಿ ಮಾಡಿ ಕಸದ ಬುಟ್ಟಿಗೆ ತುರುಕಿದೆ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

೬

ಅಕ್ಕ ಮಂಚದ ಮೇಲಿದ್ದ ಒಣ ಬಟ್ಟೆಯನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಿದಳು. ಟ್ಯಾಕ್ಸಿ ಕರೆಸಿದಳು. ತಮ್ಮನನ್ನು ಹಿಂದಿನ ಸೀಟಿನಲ್ಲಿ, ತಲೆ ತಗ್ಗಿಸಿ ಮಡಚಿ ಕೂರಿಸಿದಳು. ಅವನಿಗೂ ಅಮ್ಮನಿಗೂ ನಡುವೆ ತಾನೇ ತೂರಿಕೊಂಡಳು.

"ಎಲ್ಲಿಗೆ ಮೇಡಂ?" ಎಂದ ಡ್ರೈವರ್.

"ಫ್ಯಾಮಿಲಿ ಬೀಚಿಗೆ."

"ಮತ್ತೆ ಅಲ್ಲಿಗಾ?" ಅಮ್ಮ ಹಲ್ಲು ಕಡಿದಳು. "ನಿನಗೆ ಮಾನ ಮರ್ಯಾದೆ ಏನಾದ್ರೂ ಇದೆಯಾ?"

"ಇಲ್ಲ."

"ನಾಲ್ಕು ಜನ ನೋಡ್ತಾರೆ ಕಣೇ."

"ನೋಡ್ಲಿ. ನಾಲ್ಕು ಜನ ನೋಡೋ ಕಡೆ ನೀನು ಏನೂ ಮಾಡಕ್ಕಾಗಲ್ಲ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಮ್ಮ ಬಗ್ಗಿ, ಅಕ್ಕನ ಮಡಿಲಿನ ಮೇಲಿಂದ ಕೈ ಚಾಚಿ, ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಅಮ್ಮ ಹಾಗೆ ಕೂತಿರುವುದು ಅವನಿಗೆ ಆಗದು. ಆ ಕೈ ಬಿಡಿಸದೆಯೇ ಅಮ್ಮ ಕೇಳಿದಳು.

"ಇವತ್ತೂ ಸೀಟಿ ಊದಿದ್ರೆ?"

ಅಕ್ಕ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಊದಿದ್ರೆ ನಾನು ಹೇಳಿದ ಕಡೆ ಹೋಗಬೇಕು. ನೀನು ಬರದೇ ಇದ್ರೂ ನಾನು ಅವನನ್ನ ಕರ್ಕೊಂಡು ಹೋಗ್ತೀನಿ. ಇವತ್ತಲ್ದಿದ್ರೆ ನಾಳೆ. ಎಷ್ಟು ದಿನ ಕಾಯ್ತೀಯ ನೀನು?"

೭

ಮುಕ್ತಾಯ ಕೇಳುತ್ತೀರಿ, ಗೊತ್ತು. ಹೋಮಿನವರು ನಲ್ಲಿಯ ಬೀಗ ತೆಗೆದರು ಎಂದು ಬರೆಯಬಹುದು, ಯಾರು ನಂಬುತ್ತಾರೆ? ಅಕ್ಕ ಕೆಲಸ ಬಿಟ್ಟು, ಬಾಳೆಲ್ಲ ಅವನ ಸೇವೆಗೇ ನಿಂತಳು ಎಂದರೆ ನಿಮಗೆ ಸಕ್ಕರೆ ತಿಂದಂತೆ. ಹೆಣ್ಣುಮಕ್ಕಳು ಸವೆದುಹೋಗುವುದನ್ನು ಓದುವುದೆಂದರೆ ನಿಮಗೆ ಅಷ್ಟು ಇಷ್ಟ. ಎರಡನ್ನೂ ಬರೆಯುವುದಿಲ್ಲ. ಇನ್ನು ಮುಂದಿನದು ನನ್ನ ಕೈಯಲ್ಲಿಲ್ಲ. ಏನಾಗುತ್ತಿದೆಯೋ ಅಷ್ಟನ್ನು ಹೇಳುತ್ತೇನೆ.

ಟ್ಯಾಕ್ಸಿ ನಿಂತಿದೆ. ಅಮ್ಮ ಇಳಿದಿಲ್ಲ, ಎಂಜಿನ್ ಆಫ್ ಮಾಡಬೇಡಿ ಎಂದು ಡ್ರೈವರಿಗೆ ಹೇಳಿದ್ದಾಳೆ. ಅಕ್ಕ ಕಾರಿನ ಬಾಗಿಲು ಮುಚ್ಚಿ, ಅದನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಿದ್ದಾಳೆ. ತಮ್ಮ ಮರಳಿನ ಮೇಲೆ ಓಡುತ್ತಿದ್ದಾನೆ, ಅಷ್ಟು ದೊಡ್ಡ ಮೈ ಕುಲುಕಾಡುತ್ತಾ, ನೀರನ್ನು ನೋಡಿದ ಸಂತೋಷಕ್ಕೆ ಹುಚ್ಚಾಪಟ್ಟೆ ಕೂಗುತ್ತಾ. ದಾರಿಯಲ್ಲಿ ಒಂದು ಮಗು ಕೂತಿದೆ.

ಅದು ನಿಮ್ಮ ಮಗು.

ತಮ್ಮ ನಿಂತ. ಕೂಗು ನಿಲ್ಲಿಸಿದ. ನಿಮ್ಮ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, ಮುಷ್ಟಿ ಮುಂದೆ ಚಾಚಿದ. ಒಳಗೆ ಏನಿದೆಯೋ ಕಾಣದು. ನಿಮ್ಮ ಮಗು ಅಂಗೈ ಅಗಲಿಸಿತು. ಕಾವಲಿನವನು ಕುರ್ಚಿಯಲ್ಲಿ ನೆಟ್ಟಗಾಗಿ, ಸೀಟಿ ಕಚ್ಚಿಕೊಂಡು ನಿಮ್ಮ ಮುಖವನ್ನೇ ನೋಡುತ್ತಿದ್ದಾನೆ. ಕಾರಿನ ಹತ್ತಿರ ನಿಂತ ಅಕ್ಕನೂ.

ನೀವು ಎದ್ದು ನಿಂತಿದ್ದೀರಿ.