ಮೊಸೆಸೆ ಎತ್ತಿದ ಹಾಡು

ಚರ್ಚಿನ ಪೀಠದಲ್ಲಿ ನಿಂತು ಕಿಟಿಯೋನೆ ದೇವರ ವಾಕ್ಯ ಹೇಳಿದ ಮೊದಲ ಪ್ರಸಂಗವನ್ನು ಸಭೆಯವರು ಅರ್ಧಕ್ಕೇ ಹಾಡಿ ಕೂರಿಸಿದ್ದರು. ಟೋಂಗಾದ ನಮ್ಮ ಹಳ್ಳಿಗಳಲ್ಲಿ ಪ್ರಸಂಗ ಹಿಡಿಸದಿದ್ದರೆ ಯಾರೂ ಬೈಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಒಬ್ಬರು ಕುಳಿತಲ್ಲಿಂದಲೇ ಕೀರ್ತನೆ ಎತ್ತುತ್ತಾರೆ, ಉಳಿದವರು ದನಿಗೂಡಿಸುತ್ತಾರೆ, ಪೀಠದಲ್ಲಿದ್ದವನು ಬಾಯಿ ಮುಚ್ಚಿಕೊಂಡು ಇಳಿಯಬೇಕು. ಕೂಸಾಗಿದ್ದಾಗಲೇ ಆಕ್ಲೆಂಡಿಗೆ ಹೋಗಿ, ಅಲ್ಲೇ ಬೆಳೆದು, ಜೈಲು ಕಂಡು, ವಿಮಾನ ಹತ್ತಿಸಿ ವಾಪಸ್ಸು ಅಟ್ಟಿಸಿಕೊಂಡ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು? ತನ್ನ ಮಾತಿಗೆ ಮನಸೋತು ಜನ ಹಾಡುತ್ತಿದ್ದಾರೆಂದುಕೊಂಡು ಅವನೂ ನಿಂತಲ್ಲೇ ಕೈ ಬೀಸಿ ಹಾಡಿದ. ಇಡೀ ದೇವಾಲಯ ಬಿದ್ದು ಬಿದ್ದು ನಕ್ಕಿತು.

ಹಾಡು ಎತ್ತಿದವನು ಸಭೆಯ ಹಿರಿಯ ಮೊಸೆಸೆ. ಮೊದಲು ದನಿಗೂಡಿಸಿದವಳು ಅವನ ಅಕ್ಕ ಲೆಸಿಯೆಲಿ. ಮೊಮ್ಮಗ ಕಿಟಿಯೋನೆಗೆ ಪ್ರಸಂಗ ಕಲಿಸಿದವಳೂ ಅವಳೇ! ಮದುವೆಗೆ ಮುಂಚಿನಿಂದ ಹೆಂಗಸರ ಸಾಲಿನ ಮುಂದೆ ಕುಳಿತು ಹಾಡಿದ ಬಾಯಿ. ಹಾಡು ಕಿವಿಗೆ ಬಿದ್ದದ್ದೇ ತಡ, ತಾನಾಗಿ ತೆರೆದುಕೊಂಡಿತ್ತು. ಅವಳು ದನಿ ಸೇರಿಸದೆ ಬೇರೆ ಹೆಂಗಸರು ಯಾರೂ ಸೇರಿಸುವುದಿಲ್ಲ.

"ಅಜ್ಜಿ, ಜನ ಹಾಡೇಬಿಟ್ರಲ್ಲ, ಅಷ್ಟು ಚೆನ್ನಾಗಿತ್ತಾ?" ಎಂದು ಮನೆಗೆ ಬಂದ ಹುಡುಗ ಕೇಳಿದಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ತಾನು ಹಾಡಿದ್ದನ್ನೂ ಸೇರಿಸಿ. ಅವನು ಕತ್ತಿನ ಹಚ್ಚೆಯ ಮೇಲೆ ಕೈ ಇಟ್ಟುಕೊಂಡು, ತಟ್ಟೆಯಲ್ಲಿದ್ದ ಕೆಸುವಿನ ಗಡ್ಡೆಯನ್ನು ಮುಟ್ಟದೆ ಎದ್ದುಹೋದ.

ಇನ್ನುಳಿದದ್ದು ಒಂದೇ ಅವಕಾಶ. ಅದೂ ಅರ್ಧಕ್ಕೆ ನಿಂತರೆ ಅವನು ಇನ್ನೆಂದೂ ಪೀಠ ಹತ್ತುವಂತಿಲ್ಲ ಎಂದು ಮೊಸೆಸೆ, ಗಂಡಸರು ಕಾವಾ ಬೇರಿನ ಪಾನಕ ಕುಡಿಯುವ ಕೂಟದಲ್ಲಿ ಸಾರಿಬಿಟ್ಟಿದ್ದ. ಸಭಾಪಾಲಕರೋ ಹೊಸಬರು, ಮೊಸೆಸೆ ಕೆಮ್ಮಿದರೂ ತಲೆಯಾಡಿಸುವವರು. ನಮ್ಮಲ್ಲಿ ತಮ್ಮನಾದವನು ಅಕ್ಕನಿಗೆ ತಲೆಬಾಗುತ್ತಾನೆ, ನಿಜ. ಆದರೆ ಅಕ್ಕ ತಮ್ಮ ಎದುರುಬದುರು ನಿಂತು ಜಗಳವಾಡುವುದಿಲ್ಲ. ದೊಡ್ಡವರಾದ ಮೇಲೆ ಒಬ್ಬರ ಮುಖವನ್ನೊಬ್ಬರು ನೆಟ್ಟಗೆ ನೋಡುವುದೂ ಇಲ್ಲ. ಹಾಗಾಗಿ ಲೆಸಿಯೆಲಿ ತಮ್ಮನ ಹೆಂಡತಿ ಲೂಪೆಯ ಕೈಯಲ್ಲಿ ಹೇಳಿ ಕಳಿಸಿದಳು: ಹುಡುಗ ಮಾತು ಮುಗಿಸುವ ತನಕವಾದರೂ ಕೇಳಲಿ. ಜೈಲಿನಿಂದ ಬಂದವನ ಬಾಯಲ್ಲಿ ದೇವರ ವಾಕ್ಯ ಕೇಳುವ ಗತಿ ಈ ಊರಿಗೆ ಬಂದಿಲ್ಲ ಎಂದು ಉತ್ತರ ಬಂತು. ಲೆಸಿಯೆಲಿಗೆ ಮೈಯೆಲ್ಲ ಉರಿದುಹೋಯಿತು. ಇವನ ಮಗರಾಯ ಕುಡಿದು ಸಭೆಯ ಟ್ರಕ್ಕನ್ನು ಸಮುದ್ರಕ್ಕಿಳಿಸಿದ್ದನ್ನು ಇದೇ ಊರು ಮರೆತಿರಲಿಲ್ಲವೇ? ಈಗ ಅವನೇ ಹುಡುಗರಿಗೆಲ್ಲ ಮುಂದಾಳು.

ಮಾರನೆಯ ದಿನದಿಂದ ಅವಳು ನೀರು ಇಳಿದ ಹೊತ್ತಿಗೆ ಕಿಟಿಯೋನೆಯನ್ನು ಕಡಲ ದಂಡೆಗೆ ಎಳೆದೊಯ್ದಳು. ಚಿಪ್ಪು ಹುಡುಕುತ್ತ ಕೆಸರು ಕೆದಕುವ ಹಂದಿಗಳ ಎದುರು ಪ್ರಸಂಗ ಮಾಡಿಸಿದಳು. ನಡುನಡುವೆ ಬೇಕೆಂತಲೇ ಗಂಟಲು ಹರಿಯುವಂತೆ ಕೀರ್ತನೆ ಹಾಡಿದಳು. ಅವನು ತಡವರಿಸಿದ, ಸಿಟ್ಟಾದ, ಕಲ್ಲೆತ್ತಿ ನೀರಿಗೆ ಎಸೆದ. ಸಿಟ್ಟು ಬಂದರೆ ಸೋತೆ, ಸುಮ್ಮನೆ ನಿಂತಿರು, ಇಳಿಯಬೇಡ ಎಂದಳು. ಊರು ಅವನಿಗೆ ಹಂದಿಗಳ ಪಾದ್ರಿ ಎಂದು ಹೆಸರಿಟ್ಟಿತು. ಇಡಲಿ. ಹಂದಿಗಳು ಅವನನ್ನು ಹಾಡಿ ಕೂರಿಸಲಿಲ್ಲ, ಅಷ್ಟಾದರೂ ಮರ್ಯಾದೆ ಅವಕ್ಕಿತ್ತು.

ಎರಡನೆಯ ಪ್ರಸಂಗದ ಭಾನುವಾರ ಬಂತು. ನಮ್ಮಲ್ಲಿ ಮರ್ಯಾದೆಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತುವ ಚಾಪೆ, ತೀರಿಹೋದ ತನ್ನ ಗಂಡನದನ್ನು, ಅವಳೇ ಅವನಿಗೆ ಸುತ್ತಿ ಹುರಿ ಬಿಗಿದಳು. ಅವನು ಆರಿಸಿಕೊಂಡದ್ದು ಬೈಬಲಿನಲ್ಲಿ ಬರುವ, ಒಡೆಯನ ಮನೆಯಿಂದ ಓಡಿಹೋಗಿ, ವಾಪಸ್ಸು ಕಳಿಸಲ್ಪಟ್ಟ ಆಳಿನ ಕಥೆ. ಭಾಷೆ ಅಲ್ಲಲ್ಲಿ ಕುಂಟುತ್ತಿತ್ತು. ಆದರೂ ಜನ ವಿಸ್ಮಯದಿಂದ ಕಿವಿಗೊಟ್ಟಿದ್ದರು.

"ಕಳಿಸಿದೋರು ಕಳಿಸಿಬಿಟ್ರು. ಅವನೂ ಬಂದು ನಿಂತ. ಈಗ ಬಾಗಿಲು ತೆಗೆಯೋರು ಯಾರು?" ಎಂದ ಕಿಟಿಯೋನೆ.

ಮೊಸೆಸೆ ಹಾಡು ಎತ್ತಿದ.

ಎತ್ತಿದ ಹಾಡನ್ನು ಒಂಟಿಯಾಗಿ ಬಿಡುವುದೆಂದರೆ ಎತ್ತಿದವನ ಮುಖಕ್ಕೆ ಉಗುಳಿದ ಹಾಗೆ. ಅದೂ ಒಡಹುಟ್ಟಿದ ತಮ್ಮ. ಲೆಸಿಯೆಲಿಯ ಗಂಟಲು ತಾನಾಗಿ ಅಲುಗಿತು. ಅವಳು ತುಟಿ ಕಚ್ಚಿ ಹಿಡಿದಳು, ಉಪ್ಪುಪ್ಪು ರಕ್ತದ ರುಚಿ ನಾಲಿಗೆಗೆ ಹತ್ತಿತು. ಹಿಂದಿನ ಸಾಲಿನ ಹೆಂಗಸರು ಅವಳ ಬೆನ್ನನ್ನೇ ನೋಡುತ್ತ ಕಾದರು. ಗುನುಗಲು ಶುರುಮಾಡಿದ್ದ ಒಂದಿಬ್ಬರು ಗಂಡಸರೂ ಹೆಂಗಸರ ದನಿ ಬಾರದ್ದನ್ನು ಕಂಡು ತೆಪ್ಪಗಾದರು. ಮೊಸೆಸೆಯ ದನಿ ಒಂದೇ ಉಳಿಯಿತು. ಎರಡನೆಯ ಸಾಲಿಗೆ ನಡುಗಿ ನಿಂತೇಹೋಯಿತು.

ಕಿಟಿಯೋನೆ ಪೀಠದಿಂದ ಕದಲಿರಲಿಲ್ಲ.

"ಮುಗಿಸಿ ಹಿರಿಯರೇ," ಎಂದ ಮೆಲ್ಲಗೆ. "ನಾನು ಕಾಯ್ತೀನಿ. ಕಾಯೋದನ್ನ ಜೈಲಲ್ಲಿ ಚೆನ್ನಾಗಿ ಕಲಿಸಿದಾರೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಈ ಸಲದ ನಗು ಅವನ ಮೇಲಲ್ಲ. ಮೊಸೆಸೆ ಸೊಂಟದ ಚಾಪೆ ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದ. "ಮುಂದೆ ಹೇಳಪ್ಪ," ಎಂದಳು ಲೆಸಿಯೆಲಿ, ಎಲ್ಲರಿಗೂ ಕೇಳುವಂತೆ. ಅವನು ಹೇಳಿದ, ಕೊನೆಯ ಆಮೆನ್ ತನಕ.

ಪ್ರಸಂಗ ಮುಗಿದಿತ್ತು, ಈಗ ಹಾಡಿದರೆ ಅವಮಾನವಲ್ಲ. ಹಾಡು ಎತ್ತುವುದು ಅವಳ ಸರದಿ. ಅವಳು ಎದ್ದು ನಿಂತು, ತಮ್ಮ ಅರ್ಧಕ್ಕೆ ಬಿಟ್ಟ ಅದೇ ಕೀರ್ತನೆಯನ್ನು ಮೊದಲಿನಿಂದ ಎತ್ತಿದಳು. ಹೆಂಗಸರ ದನಿ ಅಲೆಯಂತೆ ಎದ್ದಿತು. ಗಂಡಸರ ಕೆಳದನಿ ಮಾತ್ರ ಬರಲಿಲ್ಲ. ಅದನ್ನು ಹಿಡಿಯಬೇಕಾದವನು ಮೊಸೆಸೆ. ಲೆಸಿಯೆಲಿ ತಿರುಗಿ, ಹುಡುಗಿಯಾಗಿದ್ದಾಗಿನಿಂದ ಒಮ್ಮೆಯೂ ನೋಡದ ಹಾಗೆ, ತಮ್ಮನ ಮುಖವನ್ನು ನೆಟ್ಟಗೆ ನೋಡಿದಳು. ಸಭೆಯೆಲ್ಲ ನೋಡುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ನೋಡಲಿ ಎಂದೇ ನಿಂತಳು.

ಅವನು ಬಾಯಿ ತೆರೆದ. ಕೊನೆಯ ಸಾಲು ಹಾಡಿ ಮುಗಿಸುವ ತನಕ ಅವಳು ಕಣ್ಣು ತೆಗೆಯಲಿಲ್ಲ. ಪೀಠದ ಮೇಲೆ ಕಿಟಿಯೋನೆ ಇಳಿಯದೆ ನಿಂತೇ ಇದ್ದ.