ಕಿಮೊಥೊ ಮುಟ್ಟದ ಅಂಬಲಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಲಿಮುರು ಊರಿನ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತಿದ್ದೂ ನನ್ನನ್ನೇ ಹತ್ತು ಮನೆಗಳ ಹಿರಿಯಳನ್ನಾಗಿ ಆರಿಸಿದರು. ಯಾರು ಬಾಡಿಗೆಗೆ ಬಂದರು, ಯಾರು ಬಿಟ್ಟರು, ಎಲ್ಲಿ ಜಗಳ, ಎಲ್ಲ ನನಗೆ ತಿಳಿದಿರಬೇಕು. ನಾನು ಬರೆದುಕೊಡದೆ ನಮ್ಮ ಬೀದಿಯವರ ಕಾಗದ ಕಚೇರಿಯಲ್ಲಿ ಅಲುಗುವುದಿಲ್ಲ. ಸುಳ್ಳೇಕೆ ಹೇಳಲಿ, ಅದೇ ನನ್ನ ತಲೆ ತಿರುಗಿಸಿತು.

ಕಳೆದ ವರ್ಷ ಕಿಮೊಥೊ ಎಂಬವನು ಮೂಲೆಮನೆ ಹಿಡಿದ. ಕುಡಿತ ಬಿಡಬೇಕೆನ್ನುವವರನ್ನು ಮೂರು ತಿಂಗಳು ಇಟ್ಟುಕೊಂಡು ಸರಿಮಾಡಿ ಕಳಿಸುವ ಕೆಲಸ. ಹೆಂಡತಿ ಮುಕಾಮಿ ನರ್ಸು. ಬೀದಿಯವರು ಬಂದು ಗೊಣಗಿದರು: ಕುಡುಕರು ಕೋಳಿ ಕದಿಯುತ್ತಾರೆ, ಸಾಲದ್ದಕ್ಕೆ ಹೆಣ್ಣುಮಕ್ಕಳು ನೀರಿಗೆ ಹೋಗುವ ದಾರಿಯೂ ಅದೇ. ಹಿಂದೊಮ್ಮೆ ಇನ್ನೊಂದು ಊರಿನಲ್ಲಿ ಇಂಥದ್ದೇ ಮನೆಯಲ್ಲಿ ಕುಡುಕರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಆಮೇಲೆ ನಿಯಮ ಬಿಗಿಯಾಗಿತ್ತು. ರಿಜಿಸ್ಟರ್ ಬೇಕು, ನರ್ಸ್ ಬೇಕು, ಔಷಧಿಗೆ ಬೀಗ ಬೇಕು, ಜೊತೆಗೆ ಹತ್ತು ಮನೆಯ ಹಿರಿಯರ ಒಪ್ಪಿಗೆ ಪತ್ರ ಬೇಕು.

ನಾನೇ ಹೋಗಿ ಮೂಲೆಮನೆ ನೋಡಿದೆ. ಹಾಸಿಗೆಗಳು ಚೊಕ್ಕಟವಾಗಿದ್ದವು. ಹನ್ನೊಂದು ಮಂದಿ ಗಂಡಸರು ಸೊಪ್ಪಿನ ಪಾತಿ ಅಗೆಯುತ್ತಿದ್ದರು. ಪತ್ರ ಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಕಿಮೊಥೊ ಪತ್ರ ಕೇಳಲು ಬಂದಾಗ ಪಕ್ಕದ ಮನೆಯ ಹೆಂಗಸರಿಬ್ಬರು ಇದ್ದರು. ನಮ್ಮಲ್ಲಿ ಏನಾದರೂ ಕೇಳಿಕೊಂಡು ಬಂದವರು ಮೊದಲು ಮನೆಯ ಅಂಬಲಿಯನ್ನು ಒಂದು ಗುಟುಕಾದರೂ ಕುಡಿಯಬೇಕು. ಮೂರು ದಿನ ಹುಳಿ ಬರಿಸಿದ ಅಂಬಲಿಯನ್ನು ಸೋರೆಬುರುಡೆಯಲ್ಲಿ ತುಂಬಿ ಕೊಟ್ಟೆ. ಅವನು ಬಾಯಿಯವರೆಗೆ ಎತ್ತಿದ. ಅಲ್ಲೇ ತಡೆದ. ಮೆಲ್ಲಗೆ ಕೆಳಗಿಟ್ಟು, ಬೇಡಮ್ಮ ಎಂದ. ಏಕೆಂದು ಹೇಳಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ನನ್ನ ಸಹಿ ಬೇಕು, ನನ್ನ ಮನೆಯ ಅಂಬಲಿ ಬೇಡವೇ?

ಮುಂದಿನ ವಾರ ಬಾ ಎಂದೆ. ಆ ವಾರ ಬಂದ, ಕನ್ನಡಕ ಸಿಗುತ್ತಿಲ್ಲವೆಂದೆ. ಕನ್ನಡಕ ನನ್ನ ತಲೆಯ ಮೇಲೇ ಇತ್ತು. ಅವನಿಗೂ ಕಂಡಿತು. ಮತ್ತೊಮ್ಮೆ ಬಂದ, ಬಾಗಿಲನ್ನೇ ತೆಗೆಯಲಿಲ್ಲ.

ತಪಾಸಣೆಯವರು ಬಂದರು. ಎಲ್ಲ ಸರಿಯಾಗಿದೆ, ಹಿರಿಯರ ಪತ್ರವೊಂದೇ ಇಲ್ಲವೆಂದರು. ನನ್ನನ್ನು ಕರೆಸಿ ಕೇಳಿದರು. ಈಗಲೇ ಬರೆದುಕೊಡುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಕಿಮೊಥೊ ನನ್ನನ್ನೇ ನೋಡುತ್ತಿದ್ದ. ನಾನು ಕೊಟ್ಟಿಲ್ಲ ಎಂದಷ್ಟೇ ಹೇಳಿ ಮನೆಗೆ ಬಂದೆ. ಮಧ್ಯಾಹ್ನದೊಳಗೆ ಬಾಗಿಲಿಗೆ ಮೊಹರು ಬಿತ್ತು. ಹನ್ನೊಂದು ಜನ ಗಂಟು ಹಿಡಿದು ಬಸ್ಸಿನ ದಾರಿಯಲ್ಲಿ ಹೋದರು. ಒಬ್ಬ ನನಗೆ ನಮಸ್ಕಾರವನ್ನೂ ಮಾಡಿದ.

ಮೂರನೆಯ ದಿನ ಮುಕಾಮಿ ಬಂದಳು. ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ, ಹಿರಿಯರು ನೀವು, ಹುಡುಕಿಸಿಕೊಡಿ ಎಂದಳು. ಅಂಥ ಸೊಕ್ಕಿನವನು ಎಲ್ಲಿಗೆ ಹೋಗುತ್ತಾನೆ, ಬರುತ್ತಾನೆ ಬಿಡು ಎಂದೆ.

"ಸೊಕ್ಕಲ್ಲ, ಗಿತಾಹಿ ಅಮ್ಮ," ಎಂದಳು. "ಅವ್ರೂ ಕುಡೀತಿದ್ದೋರೇ. ಬಿಟ್ಟು ಒಂಬತ್ತು ವರ್ಷ ಆಯ್ತು. ಹುಳಿ ಬಂದಿದ್ದು ಏನನ್ನೂ ಬಾಯಿಗೆ ಇಡಲ್ಲ. ಆ ವಾಸನೆ ಬಂದ್ರೆ ಸಾಕು, ಕೈ ನಡುಗತ್ತೆ. ಕುಡುಕನ ಕೈಗೆ ಕುಡುಕರನ್ನ ಕೊಡ್ತಾರಾ ಅಂತೀರೇನೋ ಅಂತ ಹೇಳೋಕೆ ನಾಚ್ಕೊಂಡ್ರು."

ನಾನು ಗೋಡೆ ಹಿಡಿದು ಕೂತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆದರೂ ಆಗಲೇ ಪತ್ರ ಬರೆದೆ, ಸಹಿ ಹಾಕಿದೆ. ಇಬ್ಬರೂ ಚಹಾ ತೋಟದ ಕೆಳಗಿನ ಹಳ್ಳಕ್ಕೆ ಇಳಿದೆವು. ಅಲ್ಲಿ ಕಳ್ಳಭಟ್ಟಿ ಕಾಯಿಸುತ್ತಾರೆಂದು ಎಲ್ಲರಿಗೂ ಗೊತ್ತು.

ಕಿಮೊಥೊ ಮರದ ದಿಮ್ಮಿಯ ಮೇಲೆ ಕೂತಿದ್ದ. ಅಂಗಿಯ ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿಕೊಂಡಿದ್ದ. ಕೈಯಲ್ಲಿದ್ದ ಕಳ್ಳಭಟ್ಟಿಯ ಡಬ್ಬಿ ಖಾಲಿಯಾಗಿತ್ತು. ಮುಕಾಮಿ ದೂರದಲ್ಲೇ ನಿಂತು ಹೊದ್ದ ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹತ್ತಿರ ಹೋಗಿ, ತಪ್ಪು ನನ್ನದು ಮಗಾ ಎಂದು ಪತ್ರ ಚಾಚಿದೆ. ಅವನು ಓದಿದ, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡ. ನಾನು ಅಳುವುದನ್ನು ಕಂಡು ಗಾಬರಿಯಾದ.

"ಅಳಬೇಡಿ ಅಮ್ಮ," ಎಂದ. "ಈಗ ತಗೊಂಬನ್ನಿ ನಿಮ್ಮ ಅಂಬಲಿ. ಕುಡೀತೀನಿ."

ಅವನು ಕುಹಕವಾಡಲಿಲ್ಲ. ನನಗೆ ಸಮಾಧಾನ ಮಾಡುತ್ತಿದ್ದ.