ಅಂಗೈಯ ನಲವತ್ತು ನಿಮಿಷ

ಸುಳ್ಳು ಹೇಳಬಾರದೆಂಬ ಒಂದೇ ವ್ರತ ಚಂದ್ರಕಾಂತ ಮಾಸ್ತರರದು. ಉಳಿದ ವ್ರತಗಳನ್ನೆಲ್ಲ ಇಪ್ಪತ್ತೆರಡನೆಯ ವಯಸ್ಸಿಗೇ ಬಿಟ್ಟಿದ್ದರು. ಕೊರಳಿನ ಇಷ್ಟಲಿಂಗವನ್ನೂ ಬಿಚ್ಚಿ ಅವ್ವನ ಕೈಗೆ ಕೊಟ್ಟು, ಬೀದರಿನಿಂದ ಹೈದರಾಬಾದಿಗೆ ಬಂದು, ಮೂವತ್ತು ವರ್ಷ ಕಾಲೇಜಿನಲ್ಲಿ ಯುರೋಪಿನ ತತ್ವಶಾಸ್ತ್ರ ಕಲಿಸಿದರು. ಬುದ್ಧಿಗೂ ಒಂದು ಗಡಿಯಿದೆ ಎಂದು ಆ ಯುರೋಪಿನವರೇ ಕೊನೆಗೆ ಒಪ್ಪಿಕೊಂಡದ್ದನ್ನೂ ಕಲಿಸಿದರು. ಗಡಿಯ ಆಚೆ ಏನಿದೆ ಎಂದು ಯಾರಾದರೂ ಕೇಳಿದರೆ ಮಾತ್ರ, "ಅದು ಸಿಲೆಬಸ್‌ನಾಗ ಇಲ್ಲಪ್ಪ" ಎಂದು ನಕ್ಕುಬಿಡುತ್ತಿದ್ದರು.

ಹೆಂಡತಿ ಗುರುದೇವಿ ಬೇರೆ ಮಣ್ಣಿನವಳು. ತನ್ನ ಲಿಂಗವನ್ನು ಒಂದು ಗಳಿಗೆಯೂ ಮೈಯಿಂದ ಅಗಲಿಸಿದವಳಲ್ಲ. ತಲೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಕರೆದಾಗ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ನೋಡಿದ ನರ್ಸು, ಲೋಹದ್ದೇನೂ ಒಳಗೆ ಬರುವಂತಿಲ್ಲ ಎಂದಳು. ಗುರುದೇವಿ ಗಂಡನ ಮುಖ ನೋಡಿದಳು.

"ರೀ, ನಾ ಹೊರಗ ಬರೋತನ ಅಂಗೈಯಾಗ ಹಿಡಕೊಂಡು ಕುಂದರ್ರಿ. ಎಲ್ಲೂ ಇಡಬ್ಯಾಡ್ರಿ. ಮೈಗೆ ಹತ್ತಿರಬೇಕು. ನನ್ನ ಮೈ ಆದ್ರೇನು, ನಿಮ್ಮ ಮೈ ಆದ್ರೇನು."

"ಆತು," ಎಂದರು.

ನಲವತ್ತು ನಿಮಿಷದ ಕೆಲಸ. ಐದು ನಿಮಿಷ ಹಿಡಿದೇ ಕೂತಿದ್ದರು. ಎದುರು ಬೆಂಚಿನ ಮುದುಕರೊಬ್ಬರು ನೋಡಿ ಕೈಮುಗಿದಾಗ ಮಾಸ್ತರರಿಗೆ ನಾಚಿಕೆಯಾಯಿತು. ಕರಡಿಗೆಯನ್ನು ರಿಪೋರ್ಟುಗಳ ಚೀಲಕ್ಕೆ ಹಾಕಿ, ಚಹಾ ಕುಡಿದು ಬಂದರು.

ಹೊರಗೆ ಬಂದವಳ ಮುಖ ಹಗುರಾಗಿತ್ತು. "ಒಳಗ ಎಷ್ಟ್ ಸಪ್ಪಳರೀ! ಆದ್ರೂ ಅಂಜಿಕಿ ಆಗ್ಲಿಲ್ಲ ನೋಡ್ರಿ. ನೀವು ಹಿಡಕೊಂಡೀರಿ ಅಂತ ಗೊತ್ತಿತ್ತಲ್ಲ. ಹಿಡಕೊಂಡಿದ್ರಿ, ಹೌದಿಲ್ಲೋ?"

ಒಂದು "ಹ್ಞೂಂ" ಸಾಕಿತ್ತು. ಆ ಪುಣ್ಯಾತ್ಮನಿಗೆ ವ್ರತವೇ ದೊಡ್ಡದಾಯಿತು. "ಇಲ್ಲ. ಚೀಲದಾಗ ಇಟ್ಟಿದ್ದೆ."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡಳು. ಅವತ್ತು ರಾತ್ರಿ ಊಟ ಸೇರಲಿಲ್ಲ ಎಂದಳು ಅಷ್ಟೆ.

ಎರಡು ದಿನ ಬಿಟ್ಟು ಆಪರೇಷನ್. ಮತ್ತೆ ಬಿಚ್ಚಬೇಕಾಯಿತು. ಈ ಸಲ ಅವಳು ಕೇಳುವ ಮೊದಲೇ ಮಾಸ್ತರರು ಅಂಗೈ ಚಾಚಿದರು. ಗುರುದೇವಿ ಆ ಕೈಯನ್ನು ಮೆಲ್ಲಗೆ ಸರಿಸಿ, ಅಲ್ಲೇ ನೆಲ ಒರೆಸುತ್ತಿದ್ದ ಬಂಡೆಮ್ಮನನ್ನು ಕರೆದಳು. ಯಾದಗಿರಿ ಕಡೆಯಿಂದ ದುಡಿಯಲು ಬಂದ ಹೆಂಗಸು; ಮೂರು ದಿನದ ಪರಿಚಯ.

"ಯವ್ವಾ, ನಾ ಬರೋತನ ಇದನ್ನ ಹಿಡಕೋತಿಯೇನು?"

ಬಂಡೆಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಡ್ಡಿದಳು. ಗೋಡೆಗೆ ಬೆನ್ನು ಕೊಟ್ಟು ನಾಲ್ಕು ತಾಸು ಕೂತಳು. ಮೇಲ್ವಿಚಾರಕ ಬಂದು ಬೈದರೂ ಏಳಲಿಲ್ಲ. ಪಕ್ಕದಲ್ಲಿ ಮಾಸ್ತರರು ಬರಿಗೈಯಲ್ಲಿ ಕೂತಿದ್ದರು.

ಡಾಕ್ಟರು ಹೊರಗೆ ಬಂದವರೇ ಮಾಸ್ತರರ ಭುಜ ಹಿಡಿದರು. ಎಲ್ಲ ಮುಗಿದಿತ್ತು. ಗಡ್ಡೆಗೂ ಚೀಲಕ್ಕೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳಿತು. ಅದು ಹೇಳಿದ್ದು ಸರಿಯೇ. ಆದರೂ ಎದೆ ಒಡೆದುಹೋಯಿತು.

ಬಂಡೆಮ್ಮ ಅಳುತ್ತಲೇ ಎದ್ದಳು. "ಯಪ್ಪಾ, ತಗೋರಿ, ನಿಮ್ಮದು."

ಅವರ ಕೈ ಮೇಲೇಳಲಿಲ್ಲ.

"ನನ್ನ ಕೈಯಾಗ ಬ್ಯಾಡವ್ವ," ಎಂದರು. "ಆಕಿ ನಿನ್ನ ನಂಬಿ ಕೊಟ್ಟಾಳ. ಒಳಗ ಹೋಗಿ ನೀನ ಕಟ್ಟು."